‘ಡ್ಯಾಮ್ಸೆಲ್‌ಫ್ಲೈ’ಗೆ ಕೆರೆ ಫಲಕದ ಮೇಲೆ ಏನು ಬರೆಯುವುದು?

ಬೆಂಗಳೂರಿನ ಕೆರೆಯೊಂದರ ಏರಿಗೆ ಹಾಕುವ ಫಲಕ, ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಚಿತ್ರ ಕೋರಮಂಡಲ್ ಮಾರ್ಷ್ ಡಾರ್ಟ್ ಎಂಬ ಡ್ಯಾಮ್ಸೆಲ್‌ಫ್ಲೈಯದು, ಅಂದರೆ ಡ್ರ್ಯಾಗನ್‌ಫ್ಲೈಯನ್ನು ಹೋಲುವ ಸಣಕಲು ಕೀಟದ್ದು: ಅಚ್ಚ ಹಳದಿ ಹೊಟ್ಟೆ, ಹಸಿರು ಬೆರೆತ ಎದೆ, ಜೊಂಡಿನ ಎಲೆಯ ಮೇಲೆ ರೆಕ್ಕೆ ಮಡಚಿ ಕೂತಿದೆ. ಕರಡಿನಲ್ಲಿ ‘ಕನ್ಯಾಕೀಟ’ ಎಂದಿದೆ. ಪಕ್ಕದ ಫಲಕದಲ್ಲಿ ಡ್ರ್ಯಾಗನ್‌ಫ್ಲೈಗೆ ‘ಏರೋಪ್ಲೇನ್ ಚಿಟ್ಟೆ’ ಎಂದು ಆಗಲೇ ಹಾಕಿಯಾಗಿದೆ. ದಯವಿಟ್ಟು ಬೇಗ ತಿಳಿಸಿ.

> ಕನ್ಯಾಕೀಟ

ಬೇಡ. ‘ಡ್ಯಾಮ್ಸೆಲ್’ ಎಂದರೆ ಕನ್ಯೆ, ಅದು ಇಂಗ್ಲಿಷಿಗೇ ಫ್ರೆಂಚಿನಿಂದ ಬಂದದ್ದು. ಅವರ ಹೋಲಿಕೆಗೆ ಸಂಸ್ಕೃತದ ಅಂಗಿ ತೊಡಿಸಿದರೆ ಹುಳುವಿನ ಗುರುತು ಸಿಗುವುದಿಲ್ಲ. ಮಲಯಾಳದಲ್ಲಿ ಸೂಚಿತ್ತುಂಬಿ, ತಮಿಳಲ್ಲಿ ಊಸಿತ್ತಟ್ಟಾನ್. ಇಬ್ಬರೂ ಕಂಡದ್ದು ಸೂಜಿಯನ್ನೇ. ‘ಸೂಜಿತುಂಬಿ’ ಎನ್ನಿ.

> ಸೂಜಿತುಂಬಿ

ಸಲ್ಲದು. ಕನ್ನಡದಲ್ಲಿ ತುಂಬಿ, ದುಂಬಿ ಎಂದರೆ ಹೂವಿನ ಸುತ್ತ ಮೊರೆಯುವ ಕರಿಯ ಜೇನ್ನೊಣದ ಜಾತಿ. ಹಳಗನ್ನಡದಲ್ಲೂ ಅದೇ. ಇನ್ನು ‘ಸೂಜಿ’ ಸಂಸ್ಕೃತ ‘ಸೂಚಿ’ಯ ತದ್ಭವ. ಅಚ್ಚಗನ್ನಡ ಬೇಕಿದ್ದರೆ ‘ಕಡ್ಡಿಹುಳ’.

> ಕಡ್ಡಿಹುಳ

ಅದು ಬೇರೆಯೇ ಕೀಟ, ಒಣಕಡ್ಡಿಯಂತೆ ಗಿಡಕ್ಕೆ ಅಂಟಿಕೊಂಡಿರುವಂಥದ್ದು. ಫಲಕ ತಪ್ಪಾಗುತ್ತದೆ. ಸೂಜಿ ಪ್ರತಿ ಮನೆಯ ಮಾತು, ಅದನ್ನೂ ಹೊರಗಟ್ಟಿದರೆ ಬಟ್ಟೆ ಹೊಲಿಯುವುದು ಯಾವುದರಿಂದ? ‘ಸೂಜಿಚಿಟ್ಟೆ’ ಇರಲಿ, ಪಕ್ಕದ ಫಲಕದ ‘ಚಿಟ್ಟೆ’ಗೂ ಹೊಂದುತ್ತದೆ.

ಹೆಸರಿಗಿಂತ ವಿವರಣೆಯಲ್ಲಿ ಹೆಚ್ಚು ಎಚ್ಚರ ಬೇಕು. ‘ಕೂತಾಗ ರೆಕ್ಕೆ ಮಡಚುತ್ತದೆ’ ಎಂದಷ್ಟೇ ಬರೆದರೆ ಲೆಸ್ಟಿಡೇ ಎಂಬ ಡ್ಯಾಮ್ಸೆಲ್‌ಫ್ಲೈ ಕುಟುಂಬದ ಹೆಚ್ಚಿನವು ಹೊರಗುಳಿಯುತ್ತವೆ, ಅವು ಅರ್ಧ ಬಿಚ್ಚಿಕೊಂಡೇ ಕೂರುತ್ತವೆ. ಕಣ್ಣುಗಳ ನಡುವಿನ ಅಂತರವೂ ಸಾಲದು, ಕೆಲವು ಡ್ರ್ಯಾಗನ್‌ಫ್ಲೈಗಳಲ್ಲೂ ಅದಿದೆ. ರೆಕ್ಕೆಯ ಬುಡ ನೋಡಿ: ಇದರ ನಾಲ್ಕೂ ರೆಕ್ಕೆ ಹೆಚ್ಚುಕಡಿಮೆ ಒಂದೇ ಆಕಾರ, ಬುಡ ಸಣ್ಣ; ಡ್ರ್ಯಾಗನ್‌ಫ್ಲೈಯ ಹಿಂದಿನ ರೆಕ್ಕೆ ಬುಡದಲ್ಲಿ ಅಗಲ. ಅದರ ಗುಂಪಿನ ಹೆಸರು ‘ಅನೈಸಾಪ್ಟೆರಾ’, ಅರ್ಥವೇ ‘ಅಸಮ ರೆಕ್ಕೆ’.

ನೆಲೆಯ ಬಗ್ಗೆ ‘ನೀರಿನ ಬಳಿ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಹೆಣ್ಣು ನೀರುಗಿಡದ ಕಾಂಡ, ಎಲೆಯನ್ನು ಸೀಳಿ ಒಳಗೆ ಮೊಟ್ಟೆಯಿಡುತ್ತದೆ. ಮರಿ ನೀರಲ್ಲೇ ಬೆಳೆಯುತ್ತದೆ, ಅದರ ಬಾಲದ ತುದಿಯಲ್ಲಿ ಎಲೆಯಂಥ ಮೂರು ಕಿವಿರು. ದಡದ ಜೊಂಡು ಬೋಳಿಸಿ ಕಲ್ಲು ಕಟ್ಟಿದರೆ ಮೊಟ್ಟೆಗೆ ತಾವೇ ಇಲ್ಲ. ಈ ವಾಕ್ಯ ಫಲಕದ ಮೇಲೆ ಬರಲೇಬೇಕು.

> ಕೋರಮಂಡಲ್

ಅದು ‘ಚೋಳಮಂಡಲ’, ಯುರೋಪಿನವರ ಬಾಯಲ್ಲಿ ಹಾಗಾಯಿತು. ‘ಚೋಳಮಂಡಲದ ಜೌಗು ಸೂಜಿಚಿಟ್ಟೆ’ ಎಂದು ಬರೆಯಿರಿ.

ಫಲಕದಲ್ಲಿ ಅಷ್ಟುದ್ದಕ್ಕೆ ಜಾಗವಿಲ್ಲ. ‘ಹಳದಿ ಸೂಜಿಚಿಟ್ಟೆ’ ಎಂದು ಕಳಿಸುತ್ತಿದ್ದೇನೆ, ಜೊಂಡಿನ ವಾಕ್ಯ ಅದರ ಕೆಳಗೆ.

ಹಾಗಾದರೆ ಪಕ್ಕದ ‘ಏರೋಪ್ಲೇನ್’ ಕನ್ನಡವೇ? ಅದಕ್ಕೂ ಉತ್ತರ ಕೊಡಿ.