ಸ್ಪ್ಯಾನಿಷ್‌ನ 'ಯಾ' ಪದ ಹೇಗೆ ಕಲಿತಿರಿ? ಗೊತ್ತಿದ್ದವರು ಹೇಳಿ

ಪ್ರಶ್ನೆ, ಮೈಸೂರಿನಿಂದ
ಆಫೀಸಿನಲ್ಲಿ ಮೆಕ್ಸಿಕೋದವರ ಬಿಲ್‌ಗಳ ಕೆಲಸ ನೋಡುತ್ತೇನೆ. ಸ್ಪ್ಯಾನಿಷ್ ಮೊದಲ ಹಂತ ಮುಗಿಸಿದ್ದೇನೆ. ಆದರೆ ಅವರ ಚಾಟ್‌ನಲ್ಲಿ ಎರಡು ಸಾಲಿಗೊಂದು 'ಯಾ' ಬರುತ್ತದೆ. ಡಿಕ್ಷನರಿ ತೆರೆದರೆ ಆಗಲೇ, ಈಗ, ಕೂಡಲೇ, ಮುಂದೆ ಯಾವಾಗಲೋ, ಎಲ್ಲ ಅರ್ಥವೂ ಇದೆ! ನೀವೆಲ್ಲ ಇದನ್ನು ಹೇಗೆ ಹಿಡಿದಿರಿ?

ಮೆಕ್ಸಿಕೋದ ಕೆರೆತಾರೋದಿಂದ
ಅರ್ಥದ ಪಟ್ಟಿ ಉರು ಹೊಡೆಯಬೇಡಿ. 'ಯಾ' ಒಂಟಿಯಾಗಿ ಬರುವುದು ಕಡಿಮೆ. ಪಕ್ಕದ ಕ್ರಿಯಾಪದ ಸೇರಿಸಿ ಇಡೀ ಮಾತನ್ನೇ ಕಲಿಯಿರಿ. ಇಂಗ್ಲಿಷ್ ಬಿಟ್ಟು ನೇರ ಕನ್ನಡದಿಂದ ಹೋದರೆ ಇನ್ನೂ ಸುಲಭ. ಮಧ್ಯಾಹ್ನ ಎದುರಿಗೆ ಸಿಕ್ಕವರು 'ಯಾ ಕೊಮೀಸ್ತೆ?' ಅನ್ನುತ್ತಾರೆ. ಅದು ನಮ್ಮ 'ಊಟ ಆಯ್ತಾ?'. ಬಾಗಿಲು ತಟ್ಟಿದರೆ ಒಳಗಿನಿಂದ 'ಯಾ ಬೊಯ್!'. ನಾವು 'ಬಂದೆ, ಬಂದೆ' ಅನ್ನುತ್ತೇವಲ್ವಾ, ಹಾಗೆ. ಆದರೆ ಅವರು ಅಲ್ಲಿ 'ಹೋಗು' ಅನ್ನುವ ಕ್ರಿಯಾಪದ ಬಳಸುತ್ತಾರೆ. ಕನ್ನಡದ ಲೆಕ್ಕದಲ್ಲಿ 'ಬೆಂಗೋ' (ಬರುತ್ತೇನೆ) ಹಾಕಿದರೆ ಸರಿಹೋಗುವುದಿಲ್ಲ.

ನಿಮ್ಮ ಕೆಲಸದಲ್ಲಿ ಜಾಸ್ತಿ ಕಾಡುವುದು 'ಯಾ ನೋ' ಮತ್ತು 'ತೋದಾಬೀಯಾ ನೋ'. 'ಯಾ ನೋ ಮಾಂದಾನ್ ಫಾಕ್ತೂರಾಸ್' ಅಂದರೆ ಅವರು ಈಗ ಬಿಲ್ ಕಳಿಸುವುದನ್ನೇ ನಿಲ್ಲಿಸಿದ್ದಾರೆ, ಇನ್ನು ಬರಲ್ಲ. 'ತೋದಾಬೀಯಾ ನೋ ಮಾಂದಾನ್ ಲಾ ಫಾಕ್ತೂರಾ' ಅಂದರೆ ಇನ್ನೂ ಬಂದಿಲ್ಲ, ಬರಬೇಕು. ನಮ್ಮಲ್ಲಿ 'ಇನ್ನು', 'ಇನ್ನೂ' ಅಂತ ಒಂದು ದೀರ್ಘದಲ್ಲಿ ಮುಗಿಯುವ ವ್ಯತ್ಯಾಸ. ಎರಡನೆಯದಕ್ಕೆ ರಿಮೈಂಡರ್ ಹಾಕಬೇಕು. ಮೊದಲನೆಯದಕ್ಕೆ ಹಾಕಿದರೆ ಅವರು ನಗುತ್ತಾರೆ.

ಇನ್ನೆರಡು ಬರೆದಿಟ್ಟುಕೊಳ್ಳಿ. ಚಾಟ್‌ನಲ್ಲಿ ಸುಮ್ನೆ 'ಯಾ ಕೆದೋ' ಅಂತ ಬಂದರೆ ಕೆಲಸ ಆಯ್ತು ಅಂತ. 'ಯಾ ಮೇರೋ' ಅಂದರೆ ಇನ್ನೇನು ಆಗಿಬಿಡುತ್ತೆ ಅಂತ. ಇದನ್ನು ನಂಬಿ ಮ್ಯಾನೇಜರ್‌ಗೆ 'ಮುಗೀತು' ಅಂತ ಮೇಲ್ ಕಳಿಸಬೇಡಿ, ಅಷ್ಟೇ.

ಮ್ಯಾಡ್ರಿಡ್‌ನಿಂದ
ಮೇಲಿನವರು ಹೇಳಿದ್ದು ಮೆಕ್ಸಿಕೋಗೆ ಸರಿ. ಸ್ಪೇನಿನಲ್ಲಿ 'ಯಾ' ಒಂಟಿಯಾಗಿಯೂ ಧಾರಾಳವಾಗಿ ಓಡಾಡುತ್ತದೆ. ನೀವು ಏನೋ ಹೇಳುತ್ತಿರುವಾಗ ಎದುರಿನವರು 'ಯಾ' ಅಂದರೆ 'ಹ್ಞೂಂ, ಗೊತ್ತು' ಅಂತ. 'ಯಾ, ಯಾ' ಅಂತ ಎಳೆದರೆ ಹುಷಾರು. 'ಹೌದೌದು, ಬಿಡಿ' ಅನ್ನುತ್ತೇವಲ್ಲ, ಆ ಧಾಟಿ. ಊಟದ ಪ್ರಶ್ನೆಯೂ ಇಲ್ಲಿ ಬೇರೆ ಥರ: 'ಆಸ್ ಕೊಮೀದೋ ಯಾ?'.

ಭವಿಷ್ಯತ್ ಕಾಲದ ಜೊತೆ ಬಂದರೆ ಎಷ್ಟೋ ಸಲ ಮಾತಿನಲ್ಲಿ ಗಟ್ಟಿತನ ಇರುವುದಿಲ್ಲ. 'ಯಾ ಬೆರೇಮೋಸ್' ಅಂದರೆ 'ನೋಡೋಣ'. ನಮ್ಮವರ 'ನೋಡೋಣ'ದಷ್ಟೇ ಅದಕ್ಕೂ ಬೆಲೆ! ಇಂಟರ್‌ವ್ಯೂ ಮುಗಿದ ಮೇಲೆ 'ಯಾ ತೆ ಯಾಮರೇಮೋಸ್', ಅಂದರೆ 'ನಾವೇ ಫೋನ್ ಮಾಡ್ತೀವಿ' ಅಂದರೆ ಬೇರೆ ಕಡೆ ಅರ್ಜಿ ಹಾಕುತ್ತಾ ಇರಿ.

ಬೆಂಗಳೂರಿನಿಂದ, ಸ್ಪ್ಯಾನಿಷ್ ಹೇಳಿಕೊಡುವವರು
ಸ್ಪೇನಿನ ರಾಯಲ್ ಅಕಾಡೆಮಿಯ ಡಿಕ್ಷನರಿ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಪ್ರಕಾರವೂ 'ಯಾ' ಹಿಂದಿನದಕ್ಕೂ ಸಲ್ಲುತ್ತದೆ, ಈಗಿನದಕ್ಕೂ ಸಲ್ಲುತ್ತದೆ, ಮುಂದಿನದಕ್ಕೂ ಸಲ್ಲುತ್ತದೆ. ಹಾಗಾಗಿ ಮೊದಲು ಕ್ರಿಯಾಪದದ ಕಾಲ ನೋಡಿ. ಆಮೇಲೆ ನಿಮ್ಮ ಟೀಮಿನ ಹಳೆ ಚಾಟ್‌ನಲ್ಲಿ 'ಯಾ' ಅಂತ ಹುಡುಕಿ. ಸಿಕ್ಕ ಸಾಲನ್ನು ಅದರ ಕೆಳಗೆ ಬಂದ ಉತ್ತರದ ಸಮೇತ ನೋಟ್‌ಬುಕ್ಕಿಗೆ ಇಳಿಸಿ. ಎದುರಿನವರು ಅದನ್ನು ಹೇಗೆ ತಗೊಂಡರು ಅನ್ನುವುದು ಉತ್ತರದಲ್ಲೇ ಗೊತ್ತಾಗುತ್ತದೆ. ಇದು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. 'ಯಾ ಕೆ' ಮಾತ್ರ ಬೇರೆ ಪುಟಕ್ಕೆ ಹಾಕಿ. ಅದು ಕಾರಣ ಹೇಳುವ ಮಾತು, ನಮ್ಮ 'ಹೇಗೂ ಬಂದಿದ್ದೀರಲ್ಲ' ಅನ್ನುವ ಥರ.

ಮತ್ತೆ ಮೈಸೂರಿನಿಂದ
ತುಂಬಾ ಉಪಕಾರ ಆಯ್ತು. ಇನ್ನೊಂದು ಡೌಟ್. ಪೆರುವಿನ ಲೀಮಾದ ಒಬ್ಬರಿದ್ದಾರೆ, ಏನು ಕೇಳಿದರೂ 'ಯಾ' ಅಂತಷ್ಟೇ ಬರೆಯುತ್ತಾರೆ. ಸಿಟ್ಟಾ?

ಚಿಲಿಯ ಸಾಂತಿಯಾಗೋದಿಂದ
ಸಿಟ್ಟಲ್ಲ ಮಾರಾಯ್ರೇ! ಪೆರು, ಚಿಲಿ ಕಡೆ 'ಯಾ' ಅಂದರೆ 'ಸರಿ, ಆಗಲಿ'. ಇಲ್ಲಿ ಬಾಲ ಸೇರಿಸಿ 'ಯಾ ಪೊ' ಅಂತಲೂ ಅನ್ನುತ್ತಾರೆ. ಮುಂದೆ ಬ್ಯೂನಸ್ ಐರಿಸ್‌ನವರು ಫೋನಿಗೆ ಸಿಕ್ಕಿದರೆ ಇದೇ ಪದ 'ಶಾ' ಅಂತ ಕೇಳಿಸುತ್ತದೆ. 'ಶಾ ಬೊಯ್' ಅಂದರೆ ಹೊಸ ಪದ ಅಂತ ಡಿಕ್ಷನರಿ ಹುಡುಕಬೇಡಿ.