ಇನಿಟ್‌ರಾಮ್‌ಎಫ್‌ಎಸ್ ಕ್ಯೂಎಮುನಲ್ಲಿ ಬೂಟ್ ಆಗುತ್ತದೆ, ಕರ್ನಲ್ ಒಳಗೆ ಸೇರಿಸಿದರೆ ಪ್ಯಾನಿಕ್ – /ಡೆವ್/ಕನ್ಸೋಲ್ ಎಲ್ಲಿ ಹೋಯಿತು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬಿಜಿಬಾಕ್ಸ್ (ಹಲವು ಲಿನಕ್ಸ್ ಕಮಾಂಡುಗಳು ಸೇರಿದ ಒಂದೇ ಪ್ರೋಗ್ರಾಮ್) ಹಾಕಿ ಒಂದು ಪುಟ್ಟ ಇನಿಟ್‌ರಾಮ್‌ಎಫ್‌ಎಸ್ (ಲಿನಕ್ಸ್ ಕರ್ನಲ್ ಬೂಟ್ ಆಗುವಾಗ ಮೆಮೊರಿಯಲ್ಲಿ ಬಿಚ್ಚಿಕೊಳ್ಳುವ ಫೈಲುಗಳ ಕಟ್ಟು) ಮಾಡಿದ್ದೇನೆ. ಕ್ಯೂಎಮುಗೆ (ವರ್ಚುವಲ್ ಕಂಪ್ಯೂಟರ್ ಓಡಿಸುವ ಪ್ರೋಗ್ರಾಮ್) ಅದನ್ನು -ಇನಿಟ್‌ಆರ್‌ಡಿ ಅಂತ ಹೊರಗಿನಿಂದ ಕೊಟ್ಟರೆ ಆರಾಮಾಗಿ ಶೆಲ್ ಬರುತ್ತದೆ. ಅದೇ ಫೋಲ್ಡರನ್ನು ಕಾನ್ಫಿಗ್_ಇನಿಟ್‌ರಾಮ್‌ಎಫ್‌ಎಸ್_ಸೋರ್ಸ್ ಎಂಬ ಕರ್ನಲ್ ಸೆಟ್ಟಿಂಗ್‌ನಲ್ಲಿ ಹಾಕಿ ಕರ್ನಲ್ ಜೊತೆಗೇ ಬಿಲ್ಡ್ ಮಾಡಿದರೆ, ಕರ್ನಲ್ ಮೆಸೇಜುಗಳೆಲ್ಲ ಬಂದು ಕೊನೆಗೆ "ವಾರ್ನಿಂಗ್: ಅನೇಬಲ್ ಟು ಓಪನ್ ಆ್ಯನ್ ಇನಿಷಿಯಲ್ ಕನ್ಸೋಲ್" ಅನ್ನುತ್ತದೆ, ಆಮೇಲೆ "ಅಟೆಂಪ್ಟೆಡ್ ಟು ಕಿಲ್ ಇನಿಟ್" ಪ್ಯಾನಿಕ್. ಡೆವ್‌ಟಿಎಂಪಿಎಫ್‌ಎಸ್_ಮೌಂಟ್ (ಡಿವೈಸ್ ಫೈಲುಗಳನ್ನು ಕರ್ನಲ್ಲೇ /ಡೆವ್‌ನಲ್ಲಿ ತುಂಬುವ ಸೆಟ್ಟಿಂಗ್) ಕೂಡ ಆನ್ ಇದೆ. ಫೈಲುಗಳು ಅವೇ, ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಉತ್ತರ 1:
ಕರ್ನಲ್ ಕಮಾಂಡ್ ಲೈನಿನಲ್ಲಿ ಕನ್ಸೋಲ್=ಟಿಟಿವೈಎಸ್0 (ಸೀರಿಯಲ್ ಪೋರ್ಟ್) ಸರಿಯಾಗಿ ಕೊಟ್ಟಿದ್ದೀರಾ? ಕನ್ಸೋಲ್ ಹೆಸರು ತಪ್ಪಿದ್ದರೂ ಇದೇ ವಾರ್ನಿಂಗ್ ಬರಬಹುದು.

ಉತ್ತರ 2:
ಕರ್ನಲ್ ಮೆಸೇಜು ಕಾಣುತ್ತಿದೆ, -ಇನಿಟ್‌ಆರ್‌ಡಿ ಕೊಟ್ಟಾಗ ಶೆಲ್ಲೂ ಬರುತ್ತಿದೆ ಅಂದಮೇಲೆ ಅದಲ್ಲ. ನಿಮ್ಮ ಫೋಲ್ಡರಿನಲ್ಲಿ /ಡೆವ್/ಕನ್ಸೋಲ್ (ಕನ್ಸೋಲಿಗೆ ದಾರಿಯಾಗುವ ಡಿವೈಸ್ ಫೈಲ್, ಅಂದರೆ ನೋಡ್) ಮೊದಲಿನಿಂದಲೂ ಇಲ್ಲ. ರೂಟ್ ಆಗದೆ, ಅಂಥ ನೋಡ್ ಮಾಡುವ ಎಂಕೆನಾಡ್ ಕಮಾಂಡ್ ಓಡಿಸಿದರೆ "ಆಪರೇಷನ್ ನಾಟ್ ಪರ್ಮಿಟೆಡ್" ಅಲ್ವಾ, ಹಾಗಾಗಿ ಸುಮಾರು ಜನ ಆ ನೋಡ್ ಬಿಟ್ಟೇ ಮುಂದೆ ಹೋಗುತ್ತಾರೆ.

ಹಾಗಾದರೆ ಕ್ಯೂಎಮುನಲ್ಲಿ ಹೇಗೆ ನಡೆಯಿತು? ಆ ಸೋರ್ಸ್ ಸೆಟ್ಟಿಂಗ್ ಖಾಲಿ ಬಿಟ್ಟರೆ ಕರ್ನಲ್ ತನ್ನದೇ ಒಂದು ಚಿಕ್ಕ ಆರ್ಕೈವ್ ಇಟ್ಟುಕೊಂಡಿರುತ್ತದೆ, ಅದರಲ್ಲಿ /ಡೆವ್, /ಡೆವ್/ಕನ್ಸೋಲ್, /ರೂಟ್ ಬಿಟ್ಟರೆ ಬೇರೇನೂ ಇಲ್ಲ. ಮೊದಲು ಅದು ಬಿಚ್ಚಿಕೊಳ್ಳುತ್ತದೆ, ಅದರ ಮೇಲೆ ನೀವು ಹೊರಗಿನಿಂದ ಕೊಟ್ಟದ್ದು. ಕನ್ಸೋಲ್ ಪುಕ್ಕಟೆ ಸಿಕ್ಕಿತು. ಸೋರ್ಸ್‌ಗೆ ನಿಮ್ಮ ಫೋಲ್ಡರ್ ಕೊಟ್ಟ ಕೂಡಲೇ ಆ ಚಿಕ್ಕ ಆರ್ಕೈವ್‌ನ ಜಾಗಕ್ಕೆ ನಿಮ್ಮದು ಬಂತು, ನೋಡ್ ಮಾಯ.

ಡೆವ್‌ಟಿಎಂಪಿಎಫ್‌ಎಸ್_ಮೌಂಟ್ ನಂಬಿಕೊಳ್ಳಬೇಡಿ, ಇನಿಟ್‌ರಾಮ್‌ಎಫ್‌ಎಸ್‌ಗೆ ಅದು ಅನ್ವಯಿಸುವುದೇ ಇಲ್ಲ. ಅದರ ಹೆಲ್ಪ್ ಟೆಕ್ಸ್ಟ್‌ನಲ್ಲೇ ಬರೆದಿದೆ, ಯಾರೂ ಓದುವುದಿಲ್ಲ ಅಷ್ಟೆ. ಇನಿಟ್ (ಕರ್ನಲ್ ಮೊದಲು ಓಡಿಸುವ ಪ್ರೋಗ್ರಾಮ್) ಸ್ಕ್ರಿಪ್ಟಿನ ಮೊದಲ ಸಾಲಲ್ಲೇ ನೀವು ಡೆವ್‌ಟಿಎಂಪಿಎಫ್‌ಎಸ್ ಮೌಂಟ್ ಮಾಡಿದರೂ ತಡವಾಯಿತು. ಕರ್ನಲ್ ಕನ್ಸೋಲ್ ತೆರೆಯುವುದು ಇನಿಟ್ ಶುರುವಾಗುವ ಮುಂಚೆ. ಅದು ಸಿಗದಿದ್ದರೆ ಇನಿಟ್‌ಗೆ 0, 1, 2 (ಇನ್‌ಪುಟ್, ಔಟ್‌ಪುಟ್, ಎರರ್) ಮೂರೂ ಇರುವುದಿಲ್ಲ, ಶೆಲ್ ಓದಲು ಏನೂ ಸಿಗದೆ ಹೊರಗೆ ಬೀಳುತ್ತದೆ, ಪಿಐಡಿ 1, ಅಂದರೆ ಇನಿಟ್, ಸತ್ತರೆ ಪ್ಯಾನಿಕ್.

ಪರಿಹಾರ ಸುಲಭ, ರೂಟ್ ಬೇಡ. ಒಂದು ಟೆಕ್ಸ್ಟ್ ಫೈಲಿನಲ್ಲಿ ಎರಡು ಸಾಲು ಬರೆಯಿರಿ:

ಡಿಐಆರ್ /ಡೆವ್ 0755 0 0
ಎನ್‌ಒಡಿ /ಡೆವ್/ಕನ್ಸೋಲ್ 0600 0 0 ಸಿ 5 1

ಸೋರ್ಸ್‌ನಲ್ಲಿ ಫೋಲ್ಡರಿನ ಹೆಸರು, ಒಂದು ಸ್ಪೇಸ್, ಈ ಫೈಲಿನ ಹೆಸರು. ಎರಡನ್ನೂ ಸೇರಿಸಿ ಕರ್ನಲ್ ಬಿಲ್ಡೇ ಸಿಪಿಐಒ ಆರ್ಕೈವ್ ಮಾಡಿಕೊಳ್ಳುತ್ತದೆ. ಡೆವ್‌ಟಿಎಂಪಿಎಫ್‌ಎಸ್ ಮೌಂಟ್ ಸಾಲನ್ನು ಸ್ಕ್ರಿಪ್ಟಿನಿಂದ ತೆಗೆಯಬೇಡಿ, ಡಿಸ್ಕು ಗಿಸ್ಕು ಕಾಣಲು ಅದು ಬೇಕೇ ಬೇಕು. ಸುಮ್ನೆ ಪರೀಕ್ಷೆಗೆ ಅಂದರೆ, ಆ ಮೌಂಟ್ ಆದಮೇಲೆ ಎಕ್ಸೆಕ್ </ಡೆವ್/ಕನ್ಸೋಲ್ >/ಡೆವ್/ಕನ್ಸೋಲ್ 2>&1 ಅಂತ ಹಾಕಿದರೂ ಕೆಲಸ ನಡೆಯುತ್ತದೆ. ನನಗೆ ನೋಡ್ ಇಡುವುದೇ ವಾಸಿ ಅನ್ನಿಸುತ್ತದೆ, ಮೌಂಟೇ ಕೈಕೊಟ್ಟರೆ ಎರರ್ ಆದರೂ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ ಕೇಳಿದವರು:
ಬೂಟ್ ಆಯಿತು, ತುಂಬಾ ಥ್ಯಾಂಕ್ಸ್! ಈಗ "ಕಾಂಟ್ ಆ್ಯಕ್ಸೆಸ್ ಟಿಟಿವೈ, ಜಾಬ್ ಕಂಟ್ರೋಲ್ ಟರ್ನ್ಡ್ ಆಫ್" ಅನ್ನುತ್ತಿದೆ, ಕಂಟ್ರೋಲ್-ಸಿ ಒತ್ತಿದರೂ ಏನೂ ನಿಲ್ಲುವುದಿಲ್ಲ.

ಉತ್ತರ 2:
ಅದು ಬೇರೆ ವಿಷಯ, ನೋಡ್ ತೊಂದರೆ ಅಲ್ಲ. /ಡೆವ್/ಕನ್ಸೋಲ್ ಕಂಟ್ರೋಲಿಂಗ್ ಟಿಟಿವೈ (ಕಂಟ್ರೋಲ್-ಸಿ ಕೆಲಸ ಮಾಡಲು ಬೇಕಾದ ಟರ್ಮಿನಲ್) ಆಗುವುದಿಲ್ಲ. ಸ್ಕ್ರಿಪ್ಟಿನ ಕೊನೆಯಲ್ಲಿ ಬರೀ ಎಸ್‌ಎಚ್ ಬದಲು ಸೆಟ್‌ಎಸ್‌ಐಡಿ ಸಿಟಿಟಿವೈಹ್ಯಾಕ್ ಎಸ್‌ಎಚ್ ಅಂತ ಹಾಕಿ. ಎರಡೂ ಬಿಜಿಬಾಕ್ಸ್‌ನಲ್ಲೇ ಇವೆ, ಬಿಲ್ಡ್ ಮಾಡುವಾಗ ಆಫ್ ಆಗಿಲ್ಲವಾ ಒಮ್ಮೆ ನೋಡಿಕೊಳ್ಳಿ.