ಹತ್ತು ವರ್ಷ ದಾಟಿದ ಡಿಟಿಪಿ ಡೆಸ್ಕ್‌ಟಾಪ್: ಬಿಡಿಭಾಗ ಬದಲಿಸುವುದೋ, ಯಂತ್ರವನ್ನೇ ಬದಲಿಸುವುದೋ?

ಅಚ್ಚುಮೊಳೆ:

ಮಾನ್ಯರೇ, ನಮ್ಮದು ಶಿರಸಿಯಲ್ಲಿ ಲಗ್ನಪತ್ರಿಕೆ, ರಸೀದಿ ಪುಸ್ತಕ, ಕರಪತ್ರಗಳನ್ನು ಮಾಡಿಕೊಡುವ ಸಣ್ಣ ಡಿಟಿಪಿ ಅಂಗಡಿ. 2015ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಜೋಡಿಸಿದ ಒಂದೇ ಡೆಸ್ಕ್‌ಟಾಪ್‌ನ ಮೇಲೆ ಇಂದಿಗೂ ಅಂಗಡಿ ನಡೆಯುತ್ತಿದೆ. ಅದರಲ್ಲಿರುವುದು ಇಂಟೆಲ್‌ನ ನಾಲ್ಕನೆಯ ಜನರೇಷನ್ನಿನ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್ ಮತ್ತು 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 7 ಹೋಗಿ ವಿಂಡೋಸ್ 10 ಬಂದದ್ದನ್ನು ಬಿಟ್ಟರೆ ಈವರೆಗೆ ಬದಲಾದದ್ದು ಕೀಬೋರ್ಡ್ ಮಾತ್ರ, ಅದೂ ಎರಡು ಬಾರಿ.

ಬೆಳಿಗ್ಗೆ ಬಟನ್ ಒತ್ತಿ, ಅಂಗಡಿ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಬಂದರೂ ಪರದೆಯ ಮೇಲೆ ಸುತ್ತುವ ಚಕ್ರ ನಿಂತಿರುವುದಿಲ್ಲ. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ 7 ಒಂದನ್ನೇ ತೆರೆದಿದ್ದರೆ ಅಷ್ಟಾಗಿ ತೊಂದರೆ ಇಲ್ಲ. ಆದರೆ ಗ್ರಾಹಕರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಫೋಟೊ ಇಳಿಸಿಕೊಳ್ಳಲು ಬ್ರೌಸರ್ ತೆರೆದು, ಅದನ್ನು ತಿದ್ದಲು ಫೋಟೊಶಾಪನ್ನೂ ತೆರೆದರೆ ಯಂತ್ರ ಅಲ್ಲಿಗೇ ಕೂತುಬಿಡುತ್ತದೆ. ಇಲ್ಲಿನ ಅಂಗಡಿಯವರೊಬ್ಬರು, ಇದಕ್ಕೆ ಇನ್ನು ಒಂದು ರೂಪಾಯಿಯನ್ನೂ ಹಾಕಬೇಡಿ, 48,000ಕ್ಕೆ ಹೊಸದನ್ನು ಜೋಡಿಸಿಕೊಡುತ್ತೇನೆ ಎನ್ನುತ್ತಾರೆ. ನಾನು ತೆಗೆದಿರಿಸಿರುವುದು 25,000. ವೈಶಾಖದ ಮದುವೆಗಳ ಕೆಲಸ ಶುರುವಾಗುವ ಮೊದಲು ಏನಾದರೊಂದು ತೀರ್ಮಾನ ಆಗಬೇಕಾಗಿದೆ. ತಿಳಿದವರು ದಯವಿಟ್ಟು ಹೇಳಬೇಕು.

ಸ್ಕ್ರೂಡ್ರೈವರ್:

ಯಾವ ಭಾಗ ಸೋತಿದೆ ಎಂದು ತಿಳಿಯುವ ಮೊದಲು ಯಂತ್ರಕ್ಕೆ ವಯಸ್ಸಾಯಿತು ಎಂದು ತೀರ್ಪು ಕೊಡುವುದು ಮಾರುವವರಿಗೆ ಅನುಕೂಲವೇ ಹೊರತು ಕೊಳ್ಳುವವರಿಗಲ್ಲ. ನೀವು ಹೇಳಿದ ಪ್ರೊಸೆಸರ್‌ನಲ್ಲಿ 3.2 ಗಿಗಾಹರ್ಟ್ಜ್‌ನ ನಾಲ್ಕು ಕೋರ್‌ಗಳಿವೆ, ಪೇಜ್‌ಮೇಕರ್‌ಗೆ ಅದು ಇಂದಿಗೂ ಧಾರಾಳ. ನನ್ನ ಅನುಮಾನ ಇರುವುದು ಹಾರ್ಡ್ ಡಿಸ್ಕ್ ಮತ್ತು ರ‍್ಯಾಮ್‌ಗಳ ಮೇಲೆ. ಅವು ಎರಡು ಬೇರೆ ಕಾಯಿಲೆಗಳಂತೆ ಕಂಡರೂ ನಿಮ್ಮಲ್ಲಿ ಒಂದೇ. 4 ಜಿಬಿ ತುಂಬಿದ ಕೂಡಲೇ ವಿಂಡೋಸ್ ಉಳಿದದ್ದನ್ನು ಡಿಸ್ಕಿನ ಮೇಲೆ ಬರೆದಿಟ್ಟು ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ಆ ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ ಒಂದು ಸೂಜಿಯಂತಹ ತಲೆ ಸರಿದಾಡಿ ಹುಡುಕಬೇಕಾಗಿರುವುದರಿಂದ ಒಂದೊಂದು ಹುಡುಕಾಟಕ್ಕೂ ಸುಮಾರು 10 ಮಿಲಿಸೆಕೆಂಡು ಹಿಡಿಯುತ್ತದೆ. ಅಂತಹ ಸಾವಿರಾರು ಹುಡುಕಾಟಗಳು ಸೇರಿದಾಗಲೇ ನಿಮ್ಮ ಊದುಬತ್ತಿ ಉರಿದು ಮುಗಿಯುವುದು.

ಟಾಸ್ಕ್ ಮ್ಯಾನೇಜರ್ ತೆರೆದು, ಯಂತ್ರ ಸಿಕ್ಕಿಹಾಕಿಕೊಂಡ ಹೊತ್ತಿನಲ್ಲಿ ಡಿಸ್ಕ್ ಮತ್ತು ಮೆಮೊರಿಯ ಶೇಕಡಾವಾರು ಎಷ್ಟೆಂದು ನೋಡಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕಿನ ಆರೋಗ್ಯ ಪರೀಕ್ಷಿಸಿ. ವಿದ್ಯುತ್ ತೆಗೆದು ಕ್ಯಾಬಿನೆಟ್ ಬಿಚ್ಚಿ, ಮದರ್‌ಬೋರ್ಡ್‌ನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ಎಂದೂ ನೋಡಬೇಕು. ನಿಮ್ಮ ಕಡೆಯ ಮಳೆಗಾಲವನ್ನು ಹತ್ತು ಸಲ ಕಂಡ ಬೋರ್ಡ್ ಅದು. ತಲೆ ಉಬ್ಬಿದ್ದರೆ ನನ್ನ ಮುಂದಿನ ಮಾತೆಲ್ಲ ವ್ಯರ್ಥ.

ಬೋರ್ಡ್ ಚೆನ್ನಾಗಿದ್ದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಡ್ರೈವ್, ಹಾಕಿಸಿ. ಎಚ್81 ಚಿಪ್‌ಸೆಟ್ಟಿನಲ್ಲಿ ಡ್ರೈವ್ ಸಿಕ್ಕಿಸುವ ನಾಲ್ಕು ಸಾಟಾ ಪೋರ್ಟ್‌ಗಳಲ್ಲಿ ಎರಡು ಮಾತ್ರ ಪೂರ್ಣ ವೇಗದವು ಎಂಬುದನ್ನು ಜೋಡಿಸುವವರಿಗೆ ನೆನಪಿಸಿ. ರ‍್ಯಾಮ್ 16 ಜಿಬಿಯವರೆಗೆ ಹಿಡಿಸುತ್ತದೆ. ಆದರೆ ಎಸ್‌ಎಸ್‌ಡಿಗೆ ಹಾಕಿದ ಹಣ ನಾಳೆ ಬೇರೆ ಯಂತ್ರಕ್ಕೂ ಬರುತ್ತದೆ, ಡಿಡಿಆರ್3ಕ್ಕೆ ಹಾಕಿದ್ದು ಈ ಯಂತ್ರದ ಜತೆಗೇ ಹೋಗುತ್ತದೆ. ಇನ್ನು ಹೊಸ ಯಂತ್ರದ ಮಾತು: ಚಿಪ್ ತಯಾರಕರು ಎಐ ಡೇಟಾ ಸೆಂಟರ್‌ಗಳ ಕಡೆ ವಾಲಿದ್ದರಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ವಿಪರೀತ ಏರಿತು, ನಿಮಗೆ ಹೇಳಿದ 48,000ದಲ್ಲಿ ಅದರ ಪಾಲೂ ಇರಬಹುದು.

ಕಡಲತಡಿ:

ಮೇಲಿನವರು ವೇಗದ ಲೆಕ್ಕವನ್ನು ಸರಿಯಾಗಿಯೇ ಹೇಳಿದ್ದಾರೆ, ಆದರೆ ವೇಗವೊಂದೇ ಪ್ರಶ್ನೆಯಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದ ಗೃಹಬಳಕೆದಾರರಿಗೆ ಸುರಕ್ಷತೆಯ ತಿದ್ದುಪಡಿಗಳು 2026ರ ಅಕ್ಟೋಬರ್ 13ರವರೆಗೆ ಸಿಗುವಂತೆ ಒಂದು ವರ್ಷದ ಅವಕಾಶ ಕೊಟ್ಟರು, ಅಷ್ಟೇ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಯಂತ್ರದಲ್ಲಿ ಇರಬೇಕು, ಇಂಟೆಲ್ ಪ್ರೊಸೆಸರ್ ಹೆಚ್ಚುಕಡಿಮೆ ಎಂಟನೆಯ ಜನರೇಷನ್ನಿನಿಂದ ಈಚಿನದಾಗಿರಬೇಕು. ನಿಮ್ಮದು ಆ ಪಟ್ಟಿಯಲ್ಲಿಲ್ಲ. ನಿಯಮ ತಪ್ಪಿಸಿ ಹಾಕಿಕೊಡುವವರಿದ್ದಾರೆ, ಆದರೆ ಯಾವುದೋ ಅಪ್‌ಡೇಟ್‌ನಲ್ಲಿ ಕೈಕೊಟ್ಟರೆ ಕೇಳುವವರಿರುವುದಿಲ್ಲ. ಗ್ರಾಹಕರ ಫೋಟೊ, ಆಧಾರ್ ಪ್ರತಿ, ನಿಮ್ಮ ಬ್ಯಾಂಕ್ ವ್ಯವಹಾರ ಎಲ್ಲವೂ ಅದೇ ಯಂತ್ರದಲ್ಲಿ ನಡೆಯುತ್ತಿದ್ದರೆ ಎಸ್‌ಎಸ್‌ಡಿ ಹಾಕುವುದೆಂದರೆ ಬೀಗ ಕೆಟ್ಟ ಬಾಗಿಲಿಗೆ ಹೊಸ ಬಣ್ಣ ಬಳಿದಂತೆ.

ನನ್ನ ಸಲಹೆ ಕಂಪನಿಗಳು ಬಳಸಿ ಬಿಟ್ಟ, ಪರೀಕ್ಷಿಸಿ ಮಾರುವ ರಿಫರ್ಬಿಶ್ಡ್ ಡೆಸ್ಕ್‌ಟಾಪ್. ಐ5-8500 ಇರುವಂಥದ್ದಾದರೆ ಆರು ಕೋರ್, ಡಿಡಿಆರ್4 ರ‍್ಯಾಮ್, ವಿಂಡೋಸ್ 11 ಎಲ್ಲಕ್ಕೂ ಆದೀತು. ನಿಮ್ಮ ಬಜೆಟ್ಟಿನೊಳಗೂ ಸಿಗುವ ಸಾಧ್ಯತೆ ಇದೆ. ಕೊಳ್ಳುವಾಗ ಎರಡು ಸಂಗತಿ ನೋಡಿಕೊಳ್ಳಿ. ಇಂತಹ ಯಂತ್ರಗಳಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಹಲವು ಬಾರಿ ಆಯಾ ಕಂಪನಿಯದೇ ಆಕಾರದ್ದಾಗಿರುವುದರಿಂದ ಕೆಟ್ಟರೆ ಶಿರಸಿಯ ಅಂಗಡಿಯಲ್ಲಿ ಸಿಗಲಾರದು, ಆದ್ದರಿಂದ ವಾರಂಟಿಯನ್ನು ಬರಹದಲ್ಲಿ ಪಡೆಯಿರಿ. ನಿಮ್ಮ ಹಳೆಯ ಮಾನಿಟರ್‌ಗೆ ವಿಜಿಎ ಮಾತ್ರ ಇದ್ದು ಆ ಯಂತ್ರದಲ್ಲಿ ಡಿಸ್‌ಪ್ಲೇ ಪೋರ್ಟ್ ಮಾತ್ರ ಇದ್ದರೆ ಕನ್ವರ್ಟರ್ ಬೇಕಾಗುತ್ತದೆ.

ಅಚ್ಚುಮೊಳೆ:

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಸಂಜೆ ನೋಡಿದೆ. ಫೋಟೊಶಾಪ್ ಮತ್ತು ಬ್ರೌಸರ್ ಎರಡೂ ತೆರೆದಿದ್ದಾಗ ಡಿಸ್ಕ್ ನೂರಕ್ಕೆ ನೂರು, ಮೆಮೊರಿ ಶೇ 91. ಕೆಪಾಸಿಟರ್‌ಗಳು ಸಪಾಟಾಗಿಯೇ ಇವೆ. ಫ್ಯಾನಿನಲ್ಲಿ ಮಾತ್ರ ಒಂದು ಹಿಡಿ ಧೂಳಿತ್ತು. ಆದರೆ ಹಾರ್ಡ್ ಡಿಸ್ಕಿನ ಆರೋಗ್ಯ ಹಳದಿ ಬಣ್ಣದಲ್ಲಿ ಬಂದು, ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು, ಬದಲಿ ಜಾಗ ಪಡೆದ ಭಾಗಗಳು) ಎಂಬ ಸಾಲಿನ ಎದುರು ಎಚ್ಚರಿಕೆಯ ಗುರುತಿದೆ. ಇನ್ನೊಂದು ವಿಷಯ ಮೊದಲೇ ಬರೆಯಬೇಕಿತ್ತು. ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಜತೆಗೆ ಲಗ್ನಪತ್ರಿಕೆಯ ಅಲಂಕಾರದ ಅಕ್ಷರಗಳಿಗಾಗಿ ಬಹಳ ಹಿಂದೆ ಕೊಂಡ ಒಂದು ಲಿಪಿ ತಂತ್ರಾಂಶವಿದೆ; ಅದಕ್ಕೆ ಹಾರ್ಡ್‌ವೇರ್ ಲಾಕ್ ಇದೆ, ಯಂತ್ರಕ್ಕೆ ಆ ತುಣುಕು ಸಿಕ್ಕಿಸದಿದ್ದರೆ ತಂತ್ರಾಂಶ ತೆರೆಯುವುದಿಲ್ಲ. ಅದರ ಸಿ.ಡಿ. ಎಲ್ಲಿ ಹೋಯಿತೋ ಗೊತ್ತಿಲ್ಲ.

ಗ್ಯಾಲಿ ಪ್ರೂಫ್:

ನಾನು ಮೊಳೆ ಜೋಡಿಸುವ ಕಾಲದಿಂದಲೂ ಈ ಕಸುಬಿನಲ್ಲಿರುವವನು, ಹಾಗಾಗಿ ಒಂದು ಪ್ರಶ್ನೆ: ಆ ಲಾಕ್ ಯುಎಸ್‌ಬಿಯದೋ, ಪ್ರಿಂಟರ್ ಸಿಕ್ಕಿಸುತ್ತಿದ್ದ 25 ಪಿನ್ನಿನ ಪೋರ್ಟಿನದೋ? ಎರಡನೆಯದಾದರೆ ನಿಮ್ಮ ತೀರ್ಮಾನ ಅರ್ಧ ಮುಗಿದಂತೆ, ಏಕೆಂದರೆ ಈಗಿನ ಯಂತ್ರಗಳಲ್ಲಿ ಆ ಪೋರ್ಟ್ ಸಾಮಾನ್ಯವಾಗಿ ಇರುವುದಿಲ್ಲ, ಮತ್ತು ಯುಎಸ್‌ಬಿಯಿಂದ ಪರಿವರ್ತಿಸುವ ಅಗ್ಗದ ಕೇಬಲ್‌ಗಳು ಪ್ರಿಂಟರಿಗೆ ಆದರೂ ಲಾಕಿಗೆ ಆಗುವುದು ಅಪರೂಪ. 2019ರಲ್ಲಿ ಉತ್ಸಾಹದಿಂದ ಹೊಸ ಯಂತ್ರ ತಂದು, ಮಾರನೆಯ ದಿನ ಹಳೆಯದನ್ನು ಅಟ್ಟದಿಂದ ಇಳಿಸಿದವನು ನಾನು.

ಅಕ್ಷರಗಳ ವಿಷಯವೂ ಇಷ್ಟೇ ಮುಖ್ಯ. ಪೇಜ್‌ಮೇಕರ್‌ಗೆ ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಈಗಿನ ಪದ್ಧತಿ, ತಿಳಿಯದು. ನಮ್ಮ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಒತ್ತು, ಗುಣಿತ, ತಲೆಕಟ್ಟುಗಳ ತುಣುಕುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಫೈಲ್ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಸಾಲುಗಟ್ಟುತ್ತವೆ. ಹತ್ತು ವರ್ಷದ ಮಾದರಿ ಪತ್ರಿಕೆಗಳು ನಿಮ್ಮ ಬಂಡವಾಳ. ಅವುಗಳನ್ನು ಮದುವೆಯ ಕೆಲಸ ತುಂಬಿರುವಾಗ ಅವಸರದಲ್ಲಿ ಸ್ಥಳಾಂತರಿಸಬೇಡಿ.

ಆದ್ದರಿಂದ ಕೆಲಸವನ್ನೇ ಎರಡಾಗಿ ಒಡೆಯಿರಿ. ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿ, ಇಂಟರ್ನೆಟ್ ಕೇಬಲ್ ಕಿತ್ತು, ಪೇಜ್‌ಮೇಕರ್ ಮತ್ತು ಲಾಕಿನ ತಂತ್ರಾಂಶಕ್ಕೆ ಮಾತ್ರ ಉಳಿಸಿಕೊಳ್ಳಿ. ಬ್ರೌಸರ್ ಮತ್ತು ಫೋಟೊಶಾಪ್‌ಗಳ ಹೊರೆ ಇಳಿದ ಮೇಲೆ 4 ಜಿಬಿಯೇ ಸಾಕು, ರ‍್ಯಾಮ್ ಕೊಳ್ಳುವುದು ಬೇಡ. ವಾಟ್ಸ್‌ಆ್ಯಪ್, ಫೋಟೊಶಾಪ್, ಹಣಕಾಸು ಎಲ್ಲವೂ ಕಡಲತಡಿಯವರು ಹೇಳಿದ ರಿಫರ್ಬಿಶ್ಡ್ ಯಂತ್ರಕ್ಕೆ ಹೋಗಲಿ. ಪತ್ರಿಕೆಯನ್ನು ಫಾಂಟ್ ಅಡಕವಾಗಿರುವ ಪಿಡಿಎಫ್ ಮಾಡಿ ಪೆನ್ ಡ್ರೈವ್‌ನಲ್ಲಿ ಒಯ್ದರೆ ಅಕ್ಷರ ಕೆಡುವುದಿಲ್ಲ. ಮಳೆಗಾಲದಲ್ಲಿ ಬಿಡುವಾದಾಗ ಹೊಸ ಯಂತ್ರದಲ್ಲಿ ಇನ್‌ಡಿಸೈನ್ ಅಥವಾ ಉಚಿತವಾದ ಸ್ಕ್ರೈಬಸ್ ಹಾಕಿಕೊಂಡು ಯೂನಿಕೋಡ್ ಅಭ್ಯಾಸ ಮಾಡಬಹುದು. ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ಕೀಲಿವಿನ್ಯಾಸ ಯೂನಿಕೋಡ್‌ಗೂ ಇರುವುದರಿಂದ ಬೆರಳಿಗೆ ಹೊಸ ಪಾಠ ಬೇಕಾಗುವುದಿಲ್ಲ.

ಸ್ಕ್ರೂಡ್ರೈವರ್:

ಗ್ಯಾಲಿ ಪ್ರೂಫ್ ಅವರ ಮಾತನ್ನು ಒಪ್ಪುತ್ತೇನೆ. ಲಾಕಿನ ವಿಷಯ ನನಗೆ ಹೊಳೆದಿರಲಿಲ್ಲ. ಸಿ.ಡಿ. ಇಲ್ಲದ ಕಾರಣ ವಿಂಡೋಸನ್ನು ಹೊಸದಾಗಿ ಹಾಕದೆ, ಇದ್ದ ಡಿಸ್ಕನ್ನೇ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿಸಿ, ಅಂದರೆ ಇದ್ದದ್ದನ್ನು ಇದ್ದಂತೆಯೇ ಪೂರ್ತಿ ನಕಲಿಸಿ. 500 ಜಿಬಿ ಡಿಸ್ಕಿನ ಎದುರು 480 ಜಿಬಿಯ ಎಸ್‌ಎಸ್‌ಡಿ ತಂದರೆ ಜಾಗ ಸಾಲದೆಂದು ಕ್ಲೋನ್ ನಿಲ್ಲಬಹುದು, ಆಗ ಡಿಸ್ಕಿನ ಕೊನೆಯ ವಿಭಾಗವನ್ನು (ಪಾರ್ಟಿಷನ್) ಮೊದಲು ಕುಗ್ಗಿಸಬೇಕಾಗುತ್ತದೆ. ಆದರೆ ಅದಕ್ಕೂ ಮುಂಚೆ, ಇವತ್ತೇ, ಮಾದರಿ ಪತ್ರಿಕೆಗಳು ಮತ್ತು ಫಾಂಟ್‌ಗಳ ಫೋಲ್ಡರನ್ನು ಬೇರೊಂದು ಡ್ರೈವಿಗೆ ನಕಲಿಸಿಡಿ. ಹಳದಿ ಬಣ್ಣ ಕಂಡ ಡಿಸ್ಕ್ ಇನ್ನೊಂದು ವರ್ಷ ಓಡಬಹುದು, ನಾಳೆ ಬೆಳಿಗ್ಗೆಯೇ ನಿಲ್ಲಬಹುದು.

ಅಚ್ಚುಮೊಳೆ:

ಲಾಕ್ 25 ಪಿನ್ನಿನದೇ. ನಕಲು ಮಾಡಲು ಹಚ್ಚಿ ಇದನ್ನು ಮೊಬೈಲ್‌ನಲ್ಲಿ ಬರೆಯುತ್ತಿದ್ದೇನೆ. ಇನ್ನೂ ಎರಡು ತಾಸು ಎಂದು ತೋರಿಸುತ್ತಿದೆ. ಈ ವಾರ ಎಸ್‌ಎಸ್‌ಡಿ ತರಿಸಿ, ಉಳಿದ ಹಣಕ್ಕೆ ಐ5-8500ರ ಯಂತ್ರವನ್ನು ಹುಬ್ಬಳ್ಳಿಯಲ್ಲಿ ವಿಚಾರಿಸುತ್ತೇನೆ. ಕ್ಲೋನ್ ಆದ ಮೇಲೆ ಹಳೆಯ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಗುಜರಿಗೆ ಕೊಡಬಹುದೇ?

ಗ್ಯಾಲಿ ಪ್ರೂಫ್:

ಈಗಲೇ ಬೇಡ. ತಾರೀಖು ಬರೆದ ಚೀಟಿ ಅಂಟಿಸಿ, ತೇವ ತಾಗದ ಕಡೆ ಎತ್ತಿಡಿ. ಈ ವೈಶಾಖದ ಪತ್ರಿಕೆಗಳೆಲ್ಲ ಅಚ್ಚಾಗಿ ಹೋದ ಮೇಲೆ ಫಾರ್ಮ್ಯಾಟ್ ಮಾಡಿದರಾಯಿತು.